ಗಣಕದೊಳಗಿನ ಮೂರು ಕಟ್ಟಿನ ಮನೆ

“ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಒಮ್ಮೆಯಾದರೂ ಕೇಳದ ಗೃಹಸ್ಥರು ಈಗ ನಮ್ಮ ನಾಡಿನಲ್ಲಿ ವಿರಳ. ನ್ಯಾಯಬೆಲೆಯ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ತಾಯಿಗೂ, ಬ್ಯಾಂಕಿನಲ್ಲಿ ಪಿಂಚಣಿಗಾಗಿ ಕಾದು ಕುಳಿತ ವೃದ್ಧರಿಗೂ, ಪಹಣಿಗಾಗಿ ತಾಲ್ಲೂಕು ಕಚೇರಿಗೆ ಬಂದ ರೈತನಿಗೂ ಈ ಒಂದೇ ಉತ್ತರವು ದೊರೆಯುವುದುಂಟು. ಪೂರ್ವದಲ್ಲಿ “ಸಾಹೇಬರು ಇಲ್ಲ, ನಾಳೆ ಬನ್ನಿ” ಎನ್ನುತ್ತಿದ್ದರು. ಸಾಹೇಬರು ಯಾರೆಂಬುದು ಜನರಿಗೆ ಗೊತ್ತಿತ್ತು. ಅವರ ಮನೆಯ ದಾರಿಯೂ ಗೊತ್ತಿತ್ತು. ಆದರೆ ಈ ಸರ್ವರು ಎಂಬುವರು ಯಾರು, ಎಲ್ಲಿ ವಾಸಿಸುವರು, ಏತಕ್ಕೆ ಆಗಾಗ ಇಲ್ಲವಾಗುವರು ಎಂಬುದನ್ನು ಕೇಳಿದರೆ ಕಿಟಕಿಯ ಆಚೆಗಿರುವ ಗುಮಾಸ್ತನಿಗೂ ಉತ್ತರ ತಿಳಿಯದು.

ನಮ್ಮ ಅನ್ನ, ನಮ್ಮ ಹಣ, ನಮ್ಮ ಭೂಮಿ, ನಮ್ಮ ಪ್ರಯಾಣ ಇವೆಲ್ಲವೂ ಇಂದು ಕಂಪ್ಯೂಟರಿನ ಒಳಗೆ ಬರೆದಿಟ್ಟ ಲೆಕ್ಕವನ್ನು ಅವಲಂಬಿಸಿರುವುವು. ಆ ಲೆಕ್ಕವನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶ ಅಥವಾ ಸಾಫ್ಟ್‌ವೇರ್ ಎಂದು ಹೆಸರು. ಅದು ಇಂಜಿನಿಯರುಗಳ ವಿದ್ಯೆ, ಸಂಸಾರಿಗಳಿಗೆ ಅದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಮನೆಯನ್ನು ಕಟ್ಟುವವನು ಗಾರೆಯವನೇ ಆದರೂ, ಬಾಗಿಲು ಎಲ್ಲಿದೆ, ಬೀಗ ಯಾವುದಕ್ಕಿದೆ ಎಂಬುದು ಆ ಮನೆಯಲ್ಲಿ ಒಡವೆಯನ್ನಿಟ್ಟವರಿಗೆ ತಿಳಿದಿರಬೇಕಷ್ಟೆ? ಆದುದರಿಂದ ತಂತ್ರಾಂಶವೆಂಬ ಮನೆಯ ಒಳಾಂಗಣವನ್ನು ನಮ್ಮ ಓದುಗರಿಗೆ ಒಮ್ಮೆ ತೋರಿಸಬೇಕೆಂದು ಬಯಸಿದ್ದೇವೆ. ಇದಕ್ಕೆ ನಮ್ಮನ್ನು ಪ್ರೇರಿಸಿದ ಸಂಗತಿಯೊಂದನ್ನು ಮೊದಲು ಹೇಳುವೆವು.

ಒಂದು ಸಾವಿರ ರೂಪಾಯಿಯ ಕಥೆ

ನಮ್ಮ ನೆರೆಮನೆಯಲ್ಲಿ ವೃದ್ಧ ಮಾತೆಯೊಬ್ಬರಿರುವರು. ಪತಿಯು ತೀರಿಕೊಂಡ ಬಳಿಕ ಬಂದ ಹಣದಲ್ಲಿ 2,00,000 ರೂಪಾಯಿಗಳನ್ನು, ಮೊಮ್ಮಗಳ ಓದಿಗೆಂದು, ಊರಿನ ಒಂದು ಸಹಕಾರ ಸಂಘದಲ್ಲಿ ಠೇವಣಿಯಾಗಿ ಇಟ್ಟಿದ್ದರು. ಸಂಘದ ಹೆಸರು ಇಲ್ಲಿ ಬೇಡ. ವರ್ಷ ತುಂಬಿದ ದಿನ ನಾವೂ ಅವರೊಡನೆ ಹೋಗಿದ್ದೆವು. ಕಿಟಕಿಯಲ್ಲಿದ್ದ ತರುಣ ಗುಮಾಸ್ತನು ತೆರೆಯನ್ನು ನೋಡಿ, ಬಡ್ಡಿಯು 15,000 ರೂಪಾಯಿ ಎಂದು ಓದಿ ಹೇಳಿದನು. ಯಂತ್ರದಿಂದ ಹೊರಬಂದ ಚೀಟಿಯಲ್ಲಿ 14,000 ಎಂದು ಅಚ್ಚಾಗಿದ್ದಿತು. ಅಷ್ಟೇ ಹಣವನ್ನು ಎಣಿಸಿ ಕೊಟ್ಟನು. ಆಕೆ ಕನ್ನಡಕವನ್ನೇರಿಸಿ ಚೀಟಿಯನ್ನು ಎರಡು ಸಲ ಓದಿದರು.

“ಏನಪ್ಪಾ, ಬಾಯಲ್ಲಿ ಹದಿನೈದು, ಕಾಗದದಲ್ಲಿ ಹದಿನಾಲ್ಕು. ನಡುವಿನ ಒಂದು ಸಾವಿರ ಎಲ್ಲಿಗೆ ಹೋಯಿತು?” ಎಂದರು.

“ಅಮ್ಮಾ, ಯಂತ್ರ ತೋರಿಸಿದ್ದನ್ನೇ ನಾನು ಓದಿದೆ. ನನಗೇನೂ ಗೊತ್ತಿಲ್ಲ” ಎಂದ ಆ ಹುಡುಗನ ಮುಖವು ಬಿಳುಪೇರಿತು. ಹಿಂದೆ ನಿಂತಿದ್ದವರು ತಲೆಗೊಂದು ಮಾತನಾಡಿದರು. ಸಂಘದವರು ವಿಚಾರಣೆಯು ಮುಗಿಯುವವರೆಗೆ ಆತನನ್ನು ಮನೆಯಲ್ಲಿರಲು ಹೇಳಿದರು. ಎಂಟು ದಿನಗಳ ಕಾಲ ಊರಿನಲ್ಲಿ ಆತನಿಗೆ ಕಳ್ಳನೆಂಬ ಹೆಸರು ಅಂಟಿಕೊಂಡಿತು.

ಒಂಬತ್ತನೆಯ ದಿನ ಬೇರೆ ಊರಿನಿಂದ ಬಂದ ಇಂಜಿನಿಯರೊಬ್ಬರು ತಂತ್ರಾಂಶವನ್ನು ಬಿಚ್ಚಿ ನೋಡಿದರು. ಹಿರಿಯ ನಾಗರಿಕರಿಗೆ ಶೇಕಡಾ 7ರ ಬದಲು 7.5ರಂತೆ ಬಡ್ಡಿ ಕೊಡಬೇಕೆಂದು ಸಂಘವು ಹಿಂದೆಯೇ ತೀರ್ಮಾನಿಸಿದ್ದಿತು. ಆದರೆ ಆ ತಂತ್ರಾಂಶದಲ್ಲಿ ಬಡ್ಡಿಯ ದರವು ಒಂದೆಡೆ ಇರಲಿಲ್ಲ. ತೆರೆಯ ಮೇಲೆ ತೋರಿಸುವ ಭಾಗವು ತನ್ನದೇ ಲೆಕ್ಕವನ್ನು ಹಾಕುತ್ತಿತ್ತು. ಚೀಟಿಯನ್ನು ಅಚ್ಚುಮಾಡುವ ಭಾಗವು ಬೇರೆಯೇ ಲೆಕ್ಕವನ್ನು ಹಾಕುತ್ತಿತ್ತು. ಹೊಸ ದರವನ್ನು ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತಿದ್ದರು. ಮಾತೆಗೆ ಅವರ ಸಾವಿರ ರೂಪಾಯಿಯು ದೊರೆಯಿತು. ಹುಡುಗನು ಕೆಲಸಕ್ಕೆ ಮರಳಿದನು. ಆದರೆ ಆ ಎಂಟು ದಿನಗಳನ್ನು ಆತನಿಗೆ ಹಿಂದಿರುಗಿಸಿ ಕೊಡುವವರು ಯಾರು?

ತಪ್ಪು ಗುಮಾಸ್ತನದಾಗಿರಲಿಲ್ಲ, ಮನೆಯನ್ನು ಕಟ್ಟಿದ ಬಗೆಯದಾಗಿತ್ತು.

ಮೂರು ಕಟ್ಟುಗಳು

ಮೈಸೂರು ಸೀಮೆಯ ಹಳೆಯ ದೊಡ್ಡ ಮನೆಗಳನ್ನು ಕಂಡವರಿಗೆ, ಒಂದರ ಹಿಂದೊಂದು ಕಟ್ಟುಗಳಿರುವ ಮನೆಯ ಬಗೆಯು ತಿಳಿದೇ ಇರುವುದು. ಮುಂದಿನ ಕಟ್ಟಿನಲ್ಲಿ ಜಗಲಿ, ಪಡಸಾಲೆ. ಬಂದವರು ಕುಳಿತುಕೊಳ್ಳುವುದು, ಮಾತನಾಡುವುದು, ಬೇಕಾದುದನ್ನು ಕೇಳುವುದು ಅಲ್ಲಿ. ನಡುವಿನ ಕಟ್ಟಿನಲ್ಲಿ ಅಡಿಗೆಯ ಮನೆ ಮತ್ತು ಯಜಮಾನಿಯ ಆಡಳಿತ. ಎಷ್ಟು ಜನ ಉಣ್ಣುವವರು, ಅಜ್ಜನಿಗೆ ಇಂದು ಏಕಾದಶಿಯೋ, ಮಗುವಿಗೆ ಖಾರವಿಲ್ಲದ ಸಾರು ಬೇಕೋ ಎಂಬ ನಿರ್ಧಾರವೆಲ್ಲವೂ ಅಲ್ಲಿಯೇ. ಹಿಂದಿನ ಕಟ್ಟಿನಲ್ಲಿ ಉಗ್ರಾಣ. ಅಕ್ಕಿ, ಬೇಳೆ, ಬೆಲ್ಲ, ಪೆಟ್ಟಿಗೆಯೊಳಗಿನ ಪತ್ರಗಳು ಎಲ್ಲವೂ ಅಲ್ಲಿರುವುವು. ಬೀಗದ ಕೈಯು ಯಜಮಾನಿಯ ಸೆರಗಿನಲ್ಲಿರುವುದು. ಅತಿಥಿಯು ಎಷ್ಟೇ ದೊಡ್ಡವನಾಗಲಿ, ಪಡಸಾಲೆಯಿಂದ ಎದ್ದು ನೇರವಾಗಿ ಉಗ್ರಾಣಕ್ಕೆ ಹೋಗಿ ಬೆಲ್ಲವನ್ನು ತೆಗೆದುಕೊಳ್ಳನು. ಆತನು ಕೇಳುವನು, ನಡುಮನೆಯು ವಿಚಾರಿಸುವುದು, ಉಗ್ರಾಣವು ಅಳೆದು ಕೊಡುವುದು.

ಒಳ್ಳೆಯ ತಂತ್ರಾಂಶವನ್ನೂ ಹೀಗೆಯೇ ಮೂರು ಕಟ್ಟುಗಳಾಗಿ ವಿಂಗಡಿಸುವರು. ಇಂಜಿನಿಯರುಗಳು ಇವನ್ನು ಟಿಯರ್ ಎಂದು ಕರೆಯುವರು. ಮೊಬೈಲಿನ ತೆರೆಯ ಮೇಲೆ ಅಥವಾ ಕಚೇರಿಯ ಕಿಟಕಿಯ ಕಂಪ್ಯೂಟರಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಚಿತ್ರ, ಅಕ್ಷರ, ಗುಂಡಿಗಳೆಲ್ಲವೂ ಮುಂದಿನ ಕಟ್ಟು. ಬಡ್ಡಿಯ ದರವೆಷ್ಟು, ಯಾರಿಗೆ ರಿಯಾಯಿತಿ, ಯಾರಿಗೆ ಅಧಿಕಾರ ಎಂಬ ನಿಯಮಗಳನ್ನು ನಡೆಸುವುದು ನಡುವಿನ ಕಟ್ಟು. ಹೆಸರು, ವಿಳಾಸ, ಹಣದ ಮೊತ್ತ, ದಿನಾಂಕಗಳನ್ನು ಕ್ರಮವಾಗಿ ಜೋಡಿಸಿಟ್ಟಿರುವ ಭಂಡಾರವು ಹಿಂದಿನ ಕಟ್ಟು. ಇದಕ್ಕೆ ಡೇಟಾಬೇಸ್ ಎಂದು ಹೆಸರು. ಸರ್ವರ್ ಎಂದರೆ ಕೇಳಿದವರಿಗೆ ಬಡಿಸುವ ಯಂತ್ರವೆಂದಷ್ಟೇ ಅರ್ಥ. ಸಾಮಾನ್ಯವಾಗಿ ನಡುವಿನ ಕಟ್ಟಿಗೆ ಬೇರೆ ಸರ್ವರುಗಳು, ಉಗ್ರಾಣಕ್ಕೆ ಬೇರೆ ಸರ್ವರುಗಳು ಇರುವುವು.

ಇಲ್ಲಿ ಒಂದು ಸೂಕ್ಷ್ಮವುಂಟು. ಒಂದೇ ಕೋಣೆಯೊಳಗೆ ಪರದೆಯನ್ನು ಕಟ್ಟಿ ಅಡಿಗೆಗೂ ಉಗ್ರಾಣಕ್ಕೂ ಸ್ಥಳವನ್ನು ಬೇರ್ಪಡಿಸುವಂತೆ, ಒಂದೇ ಯಂತ್ರದೊಳಗೆ ತಂತ್ರಾಂಶವನ್ನು ಭಾಗಮಾಡಿ ಬರೆಯಬಹುದು. ಅದನ್ನು ಪದರವೆನ್ನುವರು. ಪ್ರತಿಯೊಂದಕ್ಕೂ ಬೇರೆ ಯಂತ್ರ, ಬೇರೆ ಗೋಡೆ, ಬೇರೆ ಬೀಗವನ್ನು ಇಟ್ಟಾಗ ಅದು ಕಟ್ಟು ಎನಿಸುವುದು. ಪದರವು ಶಿಸ್ತು, ಕಟ್ಟು ಶಿಸ್ತಿನೊಡನೆ ರಕ್ಷಣೆ.

ಆ ಸಹಕಾರ ಸಂಘದ ತಂತ್ರಾಂಶದಲ್ಲಿ ಪದರವೂ ಇರಲಿಲ್ಲ, ಕಟ್ಟೂ ಇರಲಿಲ್ಲ. ಪಡಸಾಲೆಯಲ್ಲಿ ಕುಳಿತವನೂ ಅಡಿಗೆ ಮಾಡುತ್ತಿದ್ದನು. ಬಾಗಿಲಲ್ಲಿ ಚೀಟಿ ಕೊಡುವವನೂ ಅಡಿಗೆ ಮಾಡುತ್ತಿದ್ದನು. ಒಂದೇ ಮನೆಯಲ್ಲಿ ಎರಡು ಒಲೆ. ಎರಡಕ್ಕೂ ಬೇರೆ ಉಪ್ಪು. ಬಡ್ಡಿಯ ನಿಯಮವು ನಡುವಿನ ಕಟ್ಟಿನ ಒಂದೇ ಸ್ಥಳದಲ್ಲಿದ್ದು, ತೆರೆಯೂ ಚೀಟಿಯೂ ಅದನ್ನೇ ಕೇಳುವಂತಿದ್ದರೆ, ದರವನ್ನು ತಿದ್ದುವಾಗ ಒಂದನ್ನು ಮರೆತು ಇನ್ನೊಂದನ್ನು ತಿದ್ದುವ ಸಂಭವವೇ ಇರುತ್ತಿರಲಿಲ್ಲ.

ಈ ಪದ್ಧತಿಯು ಬೆಳೆದ ಬಗೆ

ಈ ವಿಂಗಡಣೆಯು ಒಬ್ಬರ ತಲೆಯಿಂದ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಮೊದಲಿಗೆ ಕಂಪ್ಯೂಟರು ಒಂದು ದೊಡ್ಡ ಕೋಣೆಯನ್ನು ತುಂಬುವ ಯಂತ್ರವಾಗಿದ್ದಿತು; ಲೆಕ್ಕವೂ ನಿಯಮವೂ ಭಂಡಾರವೂ ಅದರಲ್ಲಿಯೇ ಕಲೆತಿದ್ದುವು. ತಂತ್ರಾಂಶಗಳು ದೊಡ್ಡವಾಗುತ್ತ ಬಂದಂತೆಲ್ಲ, ಒಂದು ಮೂಲೆಯನ್ನು ಮುಟ್ಟಿದರೆ ಇನ್ನೊಂದು ಮೂಲೆಯು ಕುಸಿಯುವಂತಹ ಪರಿಸ್ಥಿತಿಯು ಒದಗಿತು. 1968ರಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ವಿದ್ವಾಂಸರು, ಐಂಡ್‌ಹೋವನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ತಾವು ಪದರಪದರವಾಗಿ ರಚಿಸಿದ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಮೇಲಿನ ಪದರವು ಕೆಳಗಿನದನ್ನು ನಂಬಿ ನಡೆಯುವುದು, ಕೆಳಗಿನದು ಮೇಲಿನದರ ಗೊಡವೆಗೆ ಹೋಗದು ಎಂಬುದು ಅದರ ಕ್ರಮ.

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬುವರು ಉಗ್ರಾಣದ ವಿಷಯದಲ್ಲಿ ದೊಡ್ಡ ಉಪಕಾರವನ್ನು ಮಾಡಿದರು. ಸಾಮಾನುಗಳನ್ನು ಒಳಗೆ ಯಾವ ಗೂಡಿನಲ್ಲಿ ಇಟ್ಟಿದೆ ಎಂಬುದನ್ನು ಕೇಳುವವರು ತಿಳಿದಿರಬೇಕಾಗಿಲ್ಲ. ಏನು ಬೇಕೆಂಬುದನ್ನು ಹೇಳಿದರೆ ಸಾಕು, ಎಂಬ ತತ್ತ್ವದ ಮೇಲೆ ಸಾಲು ಮತ್ತು ಕಂಬಗಳ ಪಟ್ಟಿಗಳಾಗಿ ದತ್ತಾಂಶವನ್ನು ಇಡುವ ಮಾದರಿಯನ್ನು ತೋರಿಸಿದರು. 1972ರಲ್ಲಿ ಡೇವಿಡ್ ಪಾರ್ನಸ್ ಎಂಬುವರು, ಮುಂದೆ ಬದಲಾಗಬಹುದಾದ ಪ್ರತಿಯೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಅಡಗಿಸಿಡಬೇಕೆಂದು ವಾದಿಸಿದರು. 1979ರಲ್ಲಿ ನಾರ್ವೆ ದೇಶದ ಟ್ರಿಗ್ವೆ ರೀನ್ಸ್‌ಕಾಗ್ ಎಂಬುವರು, ಅಮೆರಿಕದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದಾಗ, ತೋರಿಸುವ ಭಾಗವನ್ನೂ ತಿಳಿದಿರುವ ಭಾಗವನ್ನೂ ಬೇರ್ಪಡಿಸುವ ಕ್ರಮವನ್ನು ರೂಪಿಸಿದರು.

1980ರ ದಶಕದಲ್ಲಿ ಚಿಕ್ಕ ಕಂಪ್ಯೂಟರುಗಳು ಮೇಜಿನ ಮೇಲೆ ಬಂದಾಗ ಎರಡು ಕಟ್ಟಿನ ಮನೆಗಳು ಹೆಚ್ಚಿದುವು. ಭಂಡಾರವು ಒಂದೆಡೆ, ನಿಯಮವೂ ತೆರೆಯೂ ಪ್ರತಿ ಮೇಜಿನ ಯಂತ್ರದಲ್ಲಿ. ನಿಯಮವೊಂದು ಬದಲಾದರೆ ಇನ್ನೂರು ಮೇಜುಗಳಿಗೂ ಹೋಗಿ ತಿದ್ದಬೇಕಾಗುತ್ತಿತ್ತು. 1990ರ ದಶಕದಲ್ಲಿ ಅಂತರ್ಜಾಲವು ಹರಡಿ, ಯಾರ ಮನೆಯ ಯಂತ್ರದಿಂದ ಬೇಕಾದರೂ ಕೇಳಿಕೆಗಳು ಬರತೊಡಗಿದಾಗ, ನಿಯಮಗಳನ್ನು ಅಪರಿಚಿತರ ಮೇಜಿನ ಮೇಲೆ ಇಡುವಂತಿಲ್ಲವೆಂಬುದು ಸ್ಪಷ್ಟವಾಯಿತು. ಆಗ ನಡುವಿನ ಕಟ್ಟು ತನ್ನದೇ ಸ್ಥಾನವನ್ನು ಪಡೆಯಿತು.

ರೈಲಿನ ಮಲಗುವ ಸ್ಥಳ

ಇದರ ಪ್ರಯೋಜನವನ್ನು ಕಾಣಲು ನಮ್ಮ ದೇಶದ ರೈಲ್ವೆಯ ಉದಾಹರಣೆಗಿಂತ ಉತ್ತಮವಾದುದಿಲ್ಲ. ಮುಂಗಡವಾಗಿ ಸ್ಥಳವನ್ನು ಕಾದಿರಿಸುವ ಕೆಲಸವು ಪೂರ್ವದಲ್ಲಿ ದಪ್ಪ ರಿಜಿಸ್ಟರುಗಳಲ್ಲಿ ನಡೆಯುತ್ತಿತ್ತು. ಈ ರೈಲಿಗೆ ಈ ಕಿಟಕಿ, ಆ ರೈಲಿಗೆ ಆ ಕಿಟಕಿ. ಪುಸ್ತಕವು ಎಲ್ಲಿದೆಯೋ ಅಲ್ಲಿಯೇ ಸಾಲು. 1985ರಲ್ಲಿ ದೆಹಲಿಯಲ್ಲಿ ಈ ಕೆಲಸಕ್ಕೆ ಕಂಪ್ಯೂಟರು ಬಂದಿತು. 1986ರಲ್ಲಿ ರೈಲ್ವೆಯ ತಂತ್ರಾಂಶಗಳಿಗೆಂದೇ ಕ್ರಿಸ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಈ ಐದು ಕೇಂದ್ರಗಳ ಭಂಡಾರಗಳು 1999ರ ವೇಳೆಗೆ ಒಂದಕ್ಕೊಂದು ಜೋಡಣೆಯಾದುವು. ಅಲ್ಲಿಂದ ಮುಂದೆ ಬೆಂಗಳೂರಿನ ಕಿಟಕಿಯಲ್ಲಿ ನಿಂತು ದೆಹಲಿಯಿಂದ ಹೊರಡುವ ರೈಲಿಗೂ ಸ್ಥಳವನ್ನು ಪಡೆಯಬಹುದಾಯಿತು.

2002ರಲ್ಲಿ ಐಆರ್‌ಸಿಟಿಸಿ ಸಂಸ್ಥೆಯ ಮೂಲಕ ಅಂತರ್ಜಾಲದಲ್ಲಿ ಟಿಕೇಟು ಮಾರಾಟವು ಪ್ರಾರಂಭವಾಯಿತು. ಆರಂಭದಲ್ಲಿ ಟಿಕೇಟಿನ ಕಾಗದವು ಕೊರಿಯರ್ ಮೂಲಕ ಮನೆಗೆ ಬರುತ್ತಿತ್ತು. 2005ರಿಂದ ಮನೆಯಲ್ಲಿಯೇ ಅಚ್ಚುಮಾಡಿಕೊಳ್ಳುವ ಅನುಕೂಲವಾಯಿತು. ಆಮೇಲೆ ಮೊಬೈಲಿಗೆ ಬಂದಿತು. ಇಲ್ಲಿ ಓದುಗರು ಗಮನಿಸತಕ್ಕ ವಿಷಯವೊಂದುಂಟು. ಇಷ್ಟು ಹೊಸ ಬಾಗಿಲುಗಳನ್ನು ತೆರೆಯುವಾಗ ಹಳೆಯ ಉಗ್ರಾಣವನ್ನು ಕೆಡವಬೇಕಾಗಲಿಲ್ಲ. ರೈಲ್ವೆಯ ಕಾದಿರಿಸುವ ವ್ಯವಸ್ಥೆಯು ಒಳಗೆ ತನ್ನ ಕೆಲಸವನ್ನು ತಾನು ಮಾಡುತ್ತಲೇ ಇದ್ದಿತು; ಅದರ ಮುಂದೆ ಹೊಸ ಪಡಸಾಲೆಯೂ ಹೊಸ ನಡುಮನೆಯೂ ಎದ್ದುವು. 2014ರಲ್ಲಿ ಅಂತರ್ಜಾಲದ ಭಾಗವನ್ನು ಹೊಸದಾಗಿ ರಚಿಸಿದಾಗ, ನಿಮಿಷಕ್ಕೆ 2,000 ಟಿಕೇಟುಗಳ ಸಾಮರ್ಥ್ಯವು 7,200ಕ್ಕೆ ಏರಿತೆಂದು ಪ್ರಕಟಿಸಿದರು. ಕಿಟಕಿಯಲ್ಲಿ ನಿಂತು ಟಿಕೇಟು ಕೊಳ್ಳುವ ಕೂಲಿಕಾರನಿಗೆ ಈ ಬದಲಾವಣೆಯಿಂದ ಯಾವ ತೊಡಕೂ ಆಗಬೇಕಾಗಿರಲಿಲ್ಲ. ಆತನ ಬಾಗಿಲೇ ಬೇರೆ.

ಈಗ ಕಟ್ಟುಗಳ ನಿಜವಾದ ಪರೀಕ್ಷೆಯನ್ನು ನೋಡೋಣ. ಹುಬ್ಬಳ್ಳಿಯಲ್ಲಿ ಒಬ್ಬ ತಂದೆಯು ಬಾಣಂತಿಯಾದ ಮಗಳನ್ನು ನೋಡಲು ಹೊರಟಿರುವನು. ಮೈಸೂರಿನಲ್ಲಿ ಒಬ್ಬ ವಿದ್ಯಾರ್ಥಿಯು ಪರೀಕ್ಷೆಗೆ ಹೊರಟಿರುವನು. ಇಬ್ಬರ ಮೊಬೈಲಿನಲ್ಲಿಯೂ ಅದೇ ರೈಲಿನಲ್ಲಿ ಒಂದೇ ಒಂದು ಸ್ಥಳವು ಉಳಿದಿರುವುದೆಂದು ಕಾಣುವುದು. ಇಬ್ಬರೂ ಒಂದೇ ಕ್ಷಣದಲ್ಲಿ ಗುಂಡಿಯನ್ನು ಒತ್ತುವರು. ಯಾರಿಗೆ ಸಿಕ್ಕಬೇಕು? ತೆರೆಯು ತೋರಿಸಿದ್ದೇ ಸತ್ಯವೆಂದು ತಿಳಿದರೆ ಇಬ್ಬರಿಗೂ ಸಿಕ್ಕಬೇಕು. ರಾತ್ರಿ ಒಂದು ಮಂಚಕ್ಕೆ ಇಬ್ಬರು ಬರುವರು. ಹಾಗಾಗದಿರುವುದಕ್ಕೆ ಕಾರಣವೇನೆಂದರೆ, ಕೊಡುವ ನಿರ್ಧಾರವು ತೆರೆಯದಲ್ಲ. ತೆರೆಯು ಕೆಲವು ಕ್ಷಣಗಳ ಹಿಂದಿನ ಸ್ಥಿತಿಯನ್ನು ಹೇಳಿತಷ್ಟೆ. ಎರಡು ಕೇಳಿಕೆಗಳೂ ನಡುಮನೆಯನ್ನು ದಾಟಿ ಉಗ್ರಾಣಕ್ಕೆ ಹೋದಾಗ, ಅಲ್ಲಿ ಆ ಸ್ಥಳದ ಲೆಕ್ಕಕ್ಕೆ ಒಂದು ಚಣ ಬೀಗವು ಬೀಳುವುದು. ಮೊದಲು ಒಳಹೊಕ್ಕವನ ಹೆಸರನ್ನು ಬರೆದ ಮೇಲೆಯೇ ಬೀಗವು ತೆರೆಯುವುದು. ಎರಡನೆಯವನು ಕಾಯುವವರ ಪಟ್ಟಿಗೆ ಹೋಗುವನು. ಬೇಸರವಾಗಬಹುದು, ಆದರೆ ಅನ್ಯಾಯವಾಗದು.

ಪಹಣಿಯ ಸರದಿ

ನಮ್ಮ ಕರ್ನಾಟಕದಲ್ಲಿಯೇ ಇನ್ನೊಂದು ಉದಾಹರಣೆಯುಂಟು. ರೈತನ ಭೂಮಿಯ ದಾಖಲೆಯಾದ ಪಹಣಿಯು ಬಹುಕಾಲ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದಿತು. ಪುಸ್ತಕವಿದ್ದವರೇ ಕೇಳುವವರು, ತೋರಿಸುವವರು, ಬರೆಯುವವರು. ಮೂರು ಕಟ್ಟೂ ಒಂದೇ ಚೀಲದಲ್ಲಿ. ಒಳ್ಳೆಯವರಿದ್ದ ಊರಿನಲ್ಲಿ ಕೆಲಸವು ಚೆನ್ನಾಗಿಯೇ ನಡೆಯುತ್ತಿತ್ತು. ಅಲ್ಲದ ಊರಿನಲ್ಲಿ ರೈತನು ತನ್ನ ಹೊಲದ ಪತ್ರಕ್ಕಾಗಿ ತಾನೇ ಕೈಮುಗಿದು ನಿಲ್ಲಬೇಕಾಗುತ್ತಿತ್ತು. 2001ರ ಸುಮಾರಿಗೆ ಭೂಮಿ ಎಂಬ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ಆಗಿದ್ದ 177 ತಾಲ್ಲೂಕುಗಳಲ್ಲಿ ಕಿಟಕಿಗಳನ್ನು ತೆರೆದು, 15 ರೂಪಾಯಿಗಳಿಗೆ ಪಹಣಿಯ ಪ್ರತಿಯನ್ನು ಕೊಡತೊಡಗಿದರು.

ಇಲ್ಲಿ ಮೆಚ್ಚತಕ್ಕದ್ದು ಯಂತ್ರದ ವೇಗಕ್ಕಿಂತ ನಡುವಿನ ಕಟ್ಟಿನ ನಿಯಮ. ದಾಖಲೆಯನ್ನು ನೋಡುವುದು ಬೇರೆ, ತಿದ್ದುವುದು ಬೇರೆ ಎಂದು ಅಲ್ಲಿ ಗೆರೆ ಎಳೆದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಬರೆದರು. ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಕೊಟ್ಟ ಹೊರತು ಒಳಗಿನ ಬಾಗಿಲು ತೆರೆಯದು. ತೆರೆದವರು ಯಾರೆಂಬುದು ಉಳಿಯುವುದು. ದೊಡ್ಡವರ ಚೀಟಿಯನ್ನು ತಂದವನಿಗೂ ಬರಿಗೈಯಲ್ಲಿ ಬಂದವನಿಗೂ ಸರದಿಯು ಒಂದೇ ಆಗಬೇಕೆಂಬುದು ಅದರ ಉದ್ದೇಶ. ಗುಮಾಸ್ತನಿಗೂ ಇದರಿಂದ ಬಲವೇ ಬಂದಿತು. “ನನ್ನ ಕೈಯಲ್ಲಿಲ್ಲ, ಸ್ವಾಮಿ” ಎಂದು ಆತನು ಸತ್ಯವಾಗಿಯೇ ಹೇಳಬಹುದಾಯಿತು. ಇಂದು ರೈತನು ಮನೆಯಲ್ಲಿ ಕುಳಿತೂ ಪಹಣಿಯನ್ನು ನೋಡಬಹುದು; ಬಾಗಿಲುಗಳು ಹೆಚ್ಚಿದರೂ ತಿದ್ದುವ ಅಧಿಕಾರವು ಬಾಗಿಲಿಗೆ ಬರಲಿಲ್ಲ.

ಆದರೆ ಗೋಡೆಗಳು ಎಲ್ಲವನ್ನೂ ಮಾಡಲಾರವು. ಹಳೆಯ ಪುಸ್ತಕದಲ್ಲಿ ಅಣ್ಣನ ಹೆಸರಿದ್ದ ಕಡೆ ತಮ್ಮನ ಹೆಸರನ್ನು ತಪ್ಪಾಗಿ ಬರೆದಿದ್ದರೆ, ಉಗ್ರಾಣವು ಆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಕಾಪಾಡುವುದು. ಕಲ್ಲು ಬೆರೆತ ಅಕ್ಕಿಯನ್ನು ತುಂಬಿಟ್ಟು ಬೀಗವನ್ನು ಹೊಗಳಿದರೆ ಅನ್ನವು ಮೆತ್ತಗಾಗದು.

ಗೋಡೆಯನ್ನು ಬಿಟ್ಟವರ ಪಾಡು

ಕೆಲವರು ಖರ್ಚಿನ ಅಥವಾ ಅವಸರದ ಕಾರಣದಿಂದ, ಬಾಗಿಲಲ್ಲಿ ಬಂದ ಮಾತನ್ನು ನಡುಮನೆಯಲ್ಲಿ ಪರೀಕ್ಷಿಸದೆ ನೇರವಾಗಿ ಉಗ್ರಾಣಕ್ಕೆ ಕಳುಹಿಸುವರು. ಇದರ ಅಪಾಯವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಅತಿಥಿಯು ಒಂದು ಚೀಟಿಯಲ್ಲಿ “ಒಂದು ಪಾವು ಬೆಲ್ಲ ಕೊಡಿ” ಎಂದು ಬರೆಯುವ ಬದಲು “ಒಂದು ಪಾವು ಬೆಲ್ಲ ಕೊಡಿ, ಜೊತೆಗೆ ಪೆಟ್ಟಿಗೆಯ ಬೀಗವನ್ನೂ ತೆಗೆಯಿರಿ” ಎಂದು ಬರೆದನೆನ್ನೋಣ. ಉಗ್ರಾಣದ ಆಳು ಓದು ಬಲ್ಲವನು, ಆದರೆ ವಿವೇಕವಿಲ್ಲದವನು. ಚೀಟಿಯು ಯಜಮಾನಿಯ ಕಡೆಯಿಂದಲೇ ಬಂದಿತೆಂದು ನಂಬಿ ಎರಡನ್ನೂ ಮಾಡುವನು. ಹೆಸರನ್ನು ಬರೆಯಬೇಕಾದ ಖಾನೆಯಲ್ಲಿ ಆಜ್ಞೆಯನ್ನು ಬರೆದು ಭಂಡಾರವನ್ನು ಲೂಟಿಮಾಡುವ ಈ ಉಪಾಯವನ್ನು ಕುರಿತು ಬಲ್ಲವರು 1998ರಲ್ಲಿಯೇ ಬಹಿರಂಗವಾಗಿ ಬರೆದಿದ್ದರು. ಮದ್ದು ಬಹಳ ಸುಲಭವಾದುದಾದರೂ, ಅದನ್ನು ಮರೆತ ಮನೆಗಳಲ್ಲಿ ಇಂದಿಗೂ ಕಳ್ಳತನಗಳು ನಡೆಯುತ್ತಿರುವುವು.

ಬಾಗಿಲಲ್ಲಿಯೇ ಪರೀಕ್ಷಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಮುಂದಿನ ಕಟ್ಟು ಇರುವುದು ನಮ್ಮ ಮೊಬೈಲಿನಲ್ಲಿ, ಅರ್ಥಾತ್ ಅತಿಥಿಯ ಕೈಯಲ್ಲಿ. ಅಲ್ಲಿರುವ ಕಾವಲನ್ನು ಚತುರನಾದ ಕಳ್ಳನು ಬದಿಗೊತ್ತಬಲ್ಲನು. ಆದುದರಿಂದ ಬಾಗಿಲಿನ ವಿಚಾರಣೆಯು ಸೌಜನ್ಯಕ್ಕೆ, ನಡುಮನೆಯ ವಿಚಾರಣೆಯು ರಕ್ಷಣೆಗೆ ಎಂದು ತಿಳಿಯಬೇಕು.

ಹಾಗೆಂದು ಎಲ್ಲ ಮನೆಗೂ ಮೂರು ಕಟ್ಟು ಬೇಕೆಂದು ನಾವು ಹೇಳುವುದಿಲ್ಲ. ಗೋಡೆಗೆ ಖರ್ಚುಂಟು. ಒಂದು ಯಂತ್ರದೊಳಗೇ ಮಾತು ಮುಗಿಯುವುದಕ್ಕೂ, ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾತು ಹೋಗಿ ಬರುವುದಕ್ಕೂ ಹಿಡಿಯುವ ಕಾಲದಲ್ಲಿ ಸಾವಿರಾರು ಪಟ್ಟು ಅಂತರವುಂಟು. ನೋಡಿಕೊಳ್ಳುವ ಯಂತ್ರಗಳು ಹೆಚ್ಚುವುವು, ಕೆಡುವ ಸ್ಥಳಗಳೂ ಹೆಚ್ಚುವುವು. ಹತ್ತು ಜನ ಗಿರಾಕಿಗಳ ಉದ್ರಿ ಲೆಕ್ಕವನ್ನು ಬರೆಯುವ ಚಿಲ್ಲರೆ ಅಂಗಡಿಗೆ ಒಂದು ನೋಟುಪುಸ್ತಕವೇ ಸಾಕು. ಆದರೆ ಯಾವ ಲೆಕ್ಕದಲ್ಲಿ ಹಲವರ ಬದುಕು ಅಡಗಿರುವುದೋ, ಯಾವುದನ್ನು ಹಲವು ಕೈಗಳು ಮುಟ್ಟುವುವೋ, ಅಲ್ಲಿ ಗೋಡೆಗೆ ಮಾಡಿದ ಖರ್ಚು ದುಂದಲ್ಲ.

ಗೃಹಸ್ಥರಿಗೆ ನಾಲ್ಕು ಮಾತು

ಈ ತಿಳಿವಳಿಕೆಯಿಂದ ಮನೆವಾರ್ತೆಗೆ ಏನು ಲಾಭ? ನಾಲ್ಕು ಮಾತುಗಳಲ್ಲಿ ಹೇಳುವೆವು.

ಮೊದಲನೆಯದು: ತೆರೆಯೇ ತೆರೆದುಕೊಳ್ಳದಿದ್ದರೆ ಅಥವಾ ಅಕ್ಷರಗಳು ಅಸ್ತವ್ಯಸ್ತವಾಗಿ ಕಂಡರೆ, ಬಹುಮಟ್ಟಿಗೆ ಅದು ಮುಂದಿನ ಕಟ್ಟಿನ ಅಥವಾ ದಾರಿಯ ದೋಷ. ಒಳಗಿರುವ ಹಣವಾಗಲಿ ದಾಖಲೆಯಾಗಲಿ ಕರಗಿಹೋಗಿರುವುದಿಲ್ಲ, ಗಾಬರಿಪಡಬೇಕಾಗಿಲ್ಲ.

ಎರಡನೆಯದು: ಹಣವನ್ನು ಪಾವತಿಮಾಡಿದ ಮೇಲೆ ತೆರೆಯ ಮೇಲಿನ ಚಕ್ರವು ಸುತ್ತುತ್ತಲೇ ಇದ್ದರೆ, ಆತುರದಿಂದ ಮತ್ತೊಮ್ಮೆ ಪಾವತಿಮಾಡಬಾರದು. ನಿಮ್ಮ ಬ್ಯಾಂಕಿನ ಉಗ್ರಾಣವೂ ಟಿಕೇಟಿನ ಉಗ್ರಾಣವೂ ಬೇರೆ ಬೇರೆ ಮನೆಗಳಲ್ಲಿರುವುವು. ಒಂದರಲ್ಲಿ ಬರೆದಾಗಿದ್ದು, ಇನ್ನೊಂದಕ್ಕೆ ಸುದ್ದಿಯು ಮುಟ್ಟದಿರಬಹುದು. ಸ್ವಲ್ಪ ಕಾಲ ಕಾದು, ಖಾತೆಯ ವಿವರವನ್ನೂ ಟಿಕೇಟುಗಳ ಪಟ್ಟಿಯನ್ನೂ ತೆರೆದು ನೋಡಬೇಕು. ಪಿಎನ್ಆರ್ ಸಂಖ್ಯೆಯು ಬಂದಿದ್ದರೆ ಉಗ್ರಾಣದಲ್ಲಿ ನಿಮ್ಮ ಹೆಸರನ್ನು ಬರೆದಾಗಿದೆ ಎಂದರ್ಥ.

ಮೂರನೆಯದು: ಪಾವತಿಯ ಚೀಟಿ, ಸಂದೇಶ, ಸಂಖ್ಯೆಗಳನ್ನು ಜೋಪಾನವಾಗಿಡಬೇಕು. ತೆರೆಯ ಮೇಲೆ ಕಂಡದ್ದು ಮಾಯವಾಗಬಹುದು. ಬರಹದಲ್ಲಿರುವುದನ್ನು ಕೇಳಿ ಪಡೆಯಬಹುದು. ನಮ್ಮ ನೆರೆಮನೆಯ ಮಾತೆಯು ಚೀಟಿಯನ್ನು ಓದದೆ ಸೆರಗಿಗೆ ಕಟ್ಟಿಕೊಂಡು ಬಂದಿದ್ದರೆ ಆ ದೋಷವು ಇನ್ನೆಷ್ಟು ವೃದ್ಧರ ಹಣವನ್ನು ಕಡಿಮೆಮಾಡುತ್ತಿತ್ತೋ!

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಎಷ್ಟು ಗೋಡೆಗಳಿದ್ದರೂ, ಬೀಗದ ಕೈಯನ್ನು ನಾವೇ ಕಳ್ಳನಿಗೆ ಕೊಟ್ಟರೆ ಕಟ್ಟಿದವರು ಏನು ಮಾಡಬಲ್ಲರು? ಗುಪ್ತಪದ, ಪಿನ್, ಮೊಬೈಲಿಗೆ ಬರುವ ಓಟಿಪಿ ಇವು ಒಳಗಿನ ಕಟ್ಟಿನ ಬೀಗದ ಕೈಗಳು. ಬ್ಯಾಂಕಿನವನೆಂದು ಹೇಳಿಕೊಂಡು ಫೋನಿನಲ್ಲಿ ಎಷ್ಟೇ ವಿನಯದಿಂದ ಕೇಳಿದರೂ ಅವನ್ನು ಹೇಳಕೂಡದು. ಮನೆಯ ಮಕ್ಕಳಿಗೂ ಹಿರಿಯರಿಗೂ ಈ ಒಂದು ಮಾತನ್ನು ಮತ್ತೆ ಮತ್ತೆ ಹೇಳಬೇಕು.

ಆ ಸಹಕಾರ ಸಂಘದವರು ಅನಂತರ ತಂತ್ರಾಂಶವನ್ನು ಹೊಸದಾಗಿ ಮಾಡಿಸಿದರೆಂದು ತಿಳಿಯಿತು. ಬಡ್ಡಿಯ ದರವು ಈಗ ಒಂದೇ ಸ್ಥಳದಲ್ಲಿದೆಯಂತೆ. ಈ ವರ್ಷ ಠೇವಣಿಯ ದಿನ ನಾವು ಮತ್ತೆ ಆ ಮಾತೆಯೊಡನೆ ಹೋಗಿದ್ದೆವು. ಅದೇ ಹುಡುಗನು ಕಿಟಕಿಯಲ್ಲಿದ್ದನು. ತೆರೆಯನ್ನು ಆಕೆಯ ಕಡೆಗೆ ತಿರುಗಿಸಿ, “ನೀವೇ ಓದಿಕೊಳ್ಳಿ, ಅಮ್ಮಾ” ಎಂದನು. ಆಕೆ ತೆರೆಯನ್ನೂ ಓದಿದರು, ಚೀಟಿಯನ್ನೂ ಓದಿದರು. ಎರಡೂ ಒಂದೇ ಆಗಿದ್ದುವು. ಕನ್ನಡಕವನ್ನು ತೆಗೆದು, “ಹೋದ ಸಲ ನಿನ್ನನ್ನು ಅಂದುಬಿಟ್ಟೆ, ಮಗು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ” ಎಂದರು. ಆತನು ಮಾತನಾಡಲಿಲ್ಲ, ಹಣವನ್ನು ಎರಡು ಸಲ ಎಣಿಸಿ ಆಕೆಯ ಕೈಗಿತ್ತನು.

ಮುಂದಿನ ಸಲ ಯಾರಾದರೂ “ಸರ್ವರ್ ಇಲ್ಲ” ಎಂದಾಗ, ಕಿಟಕಿಯಲ್ಲಿರುವವನ ಮೇಲೆ ಸಿಟ್ಟಾಗುವ ಮುನ್ನ, ಆತನೂ ನಮ್ಮಂತೆ ಪಡಸಾಲೆಯಲ್ಲಿಯೇ ಕುಳಿತವನೆಂಬುದನ್ನು ನೆನೆಯೋಣ. ಆದರೆ ಮನೆಯನ್ನು ಕಟ್ಟಿಸಿದವರನ್ನು ಮಾತ್ರ ಕೇಳದೆ ಬಿಡಬಾರದು. ನಮ್ಮ ಅಕ್ಕಿ, ನಮ್ಮ ಹಣ, ನಮ್ಮ ಹೊಲಗಳ ಲೆಕ್ಕವನ್ನು ಇಟ್ಟುಕೊಂಡಿರುವ ಆ ಮನೆಯಲ್ಲಿ ಗೋಡೆಗಳು ಸರಿಯಾಗಿವೆಯೇ, ನಿಯಮವು ಒಂದೇ ಕಡೆ ಇದೆಯೇ, ಬೀಗದ ಕೈಯು ಯಾರಲ್ಲಿದೆ ಎಂದು ಕೇಳುವುದು ಅದರಲ್ಲಿ ಒಡವೆಯನ್ನಿಟ್ಟ ಪ್ರತಿಯೊಬ್ಬ ಗೃಹಸ್ಥನ ಹಕ್ಕು.